ಗ್ಲಾಸಿನೊಳಗಿನ ಅಂಟಿನುಂಡಿ

ಇಪ್ಪತ್ತೆರಡು ವರ್ಷ ನಾನು ಒಂದು ಮಾತು ಹೇಳಲಿಲ್ಲ. ಹೇಳಲು ಎರಡು ನಿಮಿಷವೂ ಬೇಕಿರಲಿಲ್ಲ. ತಿನ್ನುವುದಕ್ಕೆ ಯಾರೂ ಕರೆಯದಿದ್ದರೂ ತೆರೆದುಕೊಳ್ಳುವ ನನ್ನ ಬಾಯಿ, ತಪ್ಪು ಒಪ್ಪಿಕೊಳ್ಳುವ ಹೊತ್ತಿಗೆ ಮಾತ್ರ ತುಕ್ಕು ಹಿಡಿದ ಕತ್ತರಿಯಂತೆ ಬಿಗಿದುಕೊಳ್ಳುತ್ತದೆ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಶಿಗ್ಗಾಂವಿಯಲ್ಲಿ ಹೊಲಿಗೆ ಅಂಗಡಿ ಇಟ್ಟವನು. ನನ್ನ ಹೋಲಿಕೆಗಳು ಕತ್ತರಿ, ಸೂಜಿ ದಾಟಿ ಮುಂದೆ ಹೋಗುವುದಿಲ್ಲ; ಸಹಿಸಿಕೊಳ್ಳಬೇಕು.

ನಮ್ಮ ಗಿರಿಜಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅವ್ವ ದೊಡ್ಡ ಡಬ್ಬಿ ತುಂಬ ಅಂಟಿನುಂಡಿ ಕಟ್ಟಿಟ್ಟಳು. ಉತ್ತತ್ತಿ, ಒಣದ್ರಾಕ್ಷಿ, ಕೊಬ್ಬರಿ, ಬೆಲ್ಲ, ತುಪ್ಪದಲ್ಲಿ ಹುರಿದ ಅಂಟು, ಎಲ್ಲ ಬಾಣಂತಿಯ ಸೊಂಟ ಗಟ್ಟಿಯಾಗಲಿ ಎಂದು. ಹನ್ನೊಂದು ವರ್ಷದ ನನ್ನ ಸೊಂಟಕ್ಕೆ ಏನೂ ಆಗಿರಲಿಲ್ಲ. ಆದರೂ ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಉಂಡಿ ನುಂಗುತ್ತ, ಖಾಲಿಯಾದ ತಳಕ್ಕೆ ಹಳೆ ಬಟ್ಟೆ ತುರುಕಿ, ಮೇಲೊಂದು ಸಾಲು ಉಂಡಿ ಜೋಡಿಸಿಡುತ್ತಿದ್ದೆ. ದರ್ಜಿಯಾಗುವ ಲಕ್ಷಣ ಆಗಲೇ ಇತ್ತು.

ಕೂಸನ್ನು ನೋಡಲು ಬಂದಿದ್ದ ಅಕ್ಕನ ನಾದಿನಿ ಸುಮಿತ್ರಕ್ಕ ಎಂಟು ದಿನ ಇದ್ದು ಹಾನಗಲ್ಲಿಗೆ ಹೋದಳು. ಮರುದಿನವೇ ಮೇಲಿನ ಸಾಲು ಮುಗಿದು ಬಟ್ಟೆ ಹೊರಬಿತ್ತು. ಅವ್ವ, “ಹೋಗುವಾಗ ಆಕಿ ಚೀಲ ಭಾಳ ಭಾರ ಇತ್ತಲ್ಲ” ಎಂದಳು. ಮಾತು ಹೇಗೋ ಹಾನಗಲ್ಲಿನ ಬೀಗರ ಮನೆ ಮುಟ್ಟಿತು. ನಾನು ಅಲ್ಲೇ ಕುಳಿತು ಹಲ್ಲಿನ ಸಂದಿಯಿಂದ ಕೊಬ್ಬರಿ ತೆಗೆಯುತ್ತಿದ್ದೆ.

ಸುಮಿತ್ರಕ್ಕ ಜಗಳ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ಮದುವೆಯಾಗಿ ಹಿರೇಕೆರೂರಿಗೆ ಹೋದಮೇಲೂ, ಅಕ್ಕನ ಮನೆಗೆ ಬಂದಾಗ ಆಕೆ ಒಂದೇ ಒಂದು ಡಬ್ಬಿಯ ಮುಚ್ಚಳ ಮುಟ್ಟುವುದಿಲ್ಲ. ಚಹಾ ಕುದಿಯುತ್ತಿದ್ದರೂ ಕೈ ಕಟ್ಟಿ ನಿಂತು, “ವೈನಿ, ಸಕ್ರಿ ನೀವ ಹಾಕ್ರಿ” ಎನ್ನುತ್ತಾಳೆ. ಅದು ಆಕೆ ಹುಟ್ಟಿ ಬೆಳೆದ ಮನೆ.

ಆಕೆಯ ಗಂಡ ಶಂಕ್ರಣ್ಣ ಹಡಗಿನಲ್ಲಿ ಅಡುಗೆಯವರು. ಕಳೆದ ರವಿವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ, ಅಲ್ಲಿಂದ ತಂದ ಸಿಂಗಲ್ ಮಾಲ್ಟ್ ಸ್ಕಾಚ್ ವಿಸ್ಕಿ ಬಾಟಲಿ ಬಿಚ್ಚಿದರು. ಒಳಗೆ ಹೆಂಗಸರು ಮಿರ್ಚಿ ಕರಿಯುತ್ತಿದ್ದರು.

“ಇದು ಇನ್ನೂ ಎಳೀದು,” ಎಂದರು ಶಂಕ್ರಣ್ಣ. “ಮೊದಲ ಬ್ಯಾರೆ ಪೀಪಾಯಿದಾಗ ಇಟ್ಟು, ಕಡೀಕ ಒಂದಷ್ಟ ತಿಂಗಳ ಶೆರ್ರಿ ಇದ್ದ ಪೀಪಾಯಿಗೆ ಹಾಕ್ತಾರ. ಶೆರ್ರಿ ಅಂದ್ರ ದ್ರಾಕ್ಷಿ ವೈನು.”

“ಕೋಟು ಹೊಲದಾದ ಮ್ಯಾಲೆ ರೇಶ್ಮಿ ಅಸ್ತರ ಹಚ್ಚಿದಂಗ,” ಎಂದೆ.

“ಬರೋಬ್ಬರಿ ಹೇಳಿದ್ರಿ ಟೇಲರ್ ಸಾಹೇಬ್ರ! ಮೊದಲ ಮೂಗ ಇಡ್ರಿ. ಕುಡಿಯೂದು ಆಮ್ಯಾಲೆ.”

ಅಷ್ಟರಲ್ಲಿ ಅಕ್ಕನ ಗಂಡ ಕಣ್ಣು ಮುಚ್ಚಿ ಕಷಾಯದಂತೆ ಇಳಿಸಿ, “ಗಂಟಲಾ ಸುಡ್ತು. ಚಲೋ ಐತಿ” ಎಂದು ತೀರ್ಪು ಕೊಟ್ಟಾಗಿತ್ತು.

ನಾನು ಮೂಗು ಇಟ್ಟೆ. ಮೊದಲು ಗಂಜಿ ತೆಗೆಯದ ಹೊಸ ಬಟ್ಟೆಯ ಒರಟು ವಾಸನೆ. ತುಸು ತಡೆದರೆ ಅದರ ಹಿಂದಿನಿಂದ ಒಣದ್ರಾಕ್ಷಿ, ಉತ್ತತ್ತಿ. ಒಂದು ಗುಟುಕು ಹಾಕಿದೆ. ನಾಲಗೆ ಒಣಶುಂಠಿ ಕಡಿದಂತೆ ಚುರುಗುಟ್ಟಿತು, ಆಮೇಲೆ ಸೀದ ಬೆಲ್ಲದ ಕಹಿಯೊಂದು ನಿಧಾನಕ್ಕೆ ಇಳಿಯಿತು.

“ಏನ್ ನೆನಪಾತು?”

“ಅಂಟಿನುಂಡಿ,” ಎಂದೆ. ಬಾಯಿ ನನ್ನನ್ನು ಕೇಳಲೇ ಇಲ್ಲ.

ಒಳಗೆ ಮಿರ್ಚಿ ಕರಿಯುವ ಝಾರಿಯ ಸದ್ದು ನಿಂತಿತು. ಸುಮಿತ್ರಕ್ಕ ಬಾಗಿಲಿಗೆ ಬಂದಳು. “ಮತ್ತ ಆ ಸುದ್ದಿ ಯಾಕೋ ತಮ್ಮಾ? ಇವತ್ತ ನಾ ಯಾವ ಡಬ್ಬಿನೂ ಮುಟ್ಟಿಲ್ಲಪಾ.” ನಕ್ಕಳು. ನಗು ತುಟಿ ದಾಟಲಿಲ್ಲ.

ಗ್ಲಾಸು ಕೆಳಗಿಟ್ಟೆ. “ಅವು ಉಂಡಿ ತಿಂದಾಂವ ನಾನು,” ಎಂದೆ.

“ಸುಮ್ನಿರೋ,” ಎಂದು ಅಕ್ಕ ಒಳಗಿನಿಂದ ಕೂಗಿದಳು. “ಕುಡದಾನ. ಏನೇನರ ಮಾತಾಡ್ತಾನ.”

ತಪ್ಪಿಸಿಕೊಳ್ಳಲು ಎಂಥ ಹೊಲಿಗೆ ಹಾಕಿಕೊಟ್ಟಿದ್ದಳು! ಆದರೆ ನಾನು ಕುಡಿದದ್ದು ಒಂದೇ ಗುಟುಕು. ಅಲ್ಲದೆ ಬಟ್ಟೆಯ ವಿಷಯದಲ್ಲಿ ನನ್ನ ನೆನಪು ತಪ್ಪುವುದಿಲ್ಲ. “ಡಬ್ಬಿ ತಳಕ್ಕ ತುರುಕಿದ್ದು ಅಪ್ಪನ ಹಸರ ಪಟ್ಟಿ ಅಂಗಿ, ಅಕ್ಕ. ಎಡಗಡೆ ತೋಳು, ನಾನ ಕತ್ತರಿಸಿದ್ದು.”

ಅಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತಳು. ಸುಮಿತ್ರಕ್ಕ ಬರುವ ಮೊದಲೇ ಆ ತೋಳನ್ನು ಅಪ್ಪ ವಾರಗಟ್ಟಲೆ ಹುಡುಕಿದ್ದು ಆಕೆಗೂ ನೆನಪಿತ್ತು.

ಸುಮಿತ್ರಕ್ಕ ಒಳಗೆ ಹೋದಳು. ಡಬ್ಬಿಯ ಮುಚ್ಚಳ ಬಿಚ್ಚಿದ ಸದ್ದು ಕೇಳಿತು. ಅಕ್ಕನ ಕೈ ಹಿಟ್ಟಾಗಿತ್ತು, ಆಕೆ ನಮ್ಮ ಮುಂದೆಯೇ ಇದ್ದಳು. ಬಿಚ್ಚಿದವಳು ಸುಮಿತ್ರಕ್ಕನೇ. ಹೊರಗೆ ಬಂದು ನನ್ನ ಅಂಗೈಯಲ್ಲಿ ಒಂದು ಶೇಂಗಾ ಉಂಡಿ ಇಟ್ಟಳು.

“ತಿನ್ನು. ಈ ಸಲ ನಾ ನೋಡಾಕತ್ತೇನಿ.”

ಇಡೀ ಉಂಡಿ ಬಾಯಿಗೆ ಹಾಕಿಕೊಂಡೆ. ಅಂದೂ ನನ್ನ ಬಾಯಿ ಹೀಗೆಯೇ ತುಂಬಿತ್ತು, ಅದಕ್ಕೇ ಸುಮ್ಮನಿದ್ದೆ. ಈ ಸಲ ನುಂಗುವತನಕ ಕಾಯಲಿಲ್ಲ. ಶೇಂಗಾ ಪುಡಿ ಉದುರುತ್ತಿರುವಾಗಲೇ ಹೇಳಿದೆ:

“ತಪ್ಪಾತ್ರಿ ಸುಮಿತ್ರಕ್ಕ. ಕಳ್ಳ ನಾನ ರೀ.”