ಹಿಟ್ಟಿನ ಯಂತ್ರದ ಹೃದಯವ್ಯಥೆ

ಬೇಕರಿ ಮಾವನ ಹಿಟ್ಟು ಕಲಸುವ ಯಂತ್ರ ಹಟ ಹಿಡಿದು ನಿಂತು ವಾರವಾಗಿತ್ತು. ಯಂತ್ರ ಜರ್ಮನಿಯದು. ಅಂದು ಬೆಳಿಗ್ಗೆ ರಿಪೇರಿಗೆ ಬಂದಿಳಿದ ಎಂಜಿನಿಯರೂ ಅಲ್ಲಿಯವರೇ, ಅವರಿಗೆ ತಮ್ಮ ಭಾಷೆ ಬಿಟ್ಟು ಇನ್ನೊಂದು ಬಾರದು. ಹಾಗಾಗಿ ವಿಶ್ವವಿದ್ಯಾಲಯದಲ್ಲಿ ಜರ್ಮನ್ ಸಾಹಿತ್ಯ ಓದುತ್ತಿದ್ದ ಸೋದರಳಿಯನಿಗೆ ಕರೆ ಹೋಯಿತು.

“ಅದೇನೋ ಓದ್ತಾ ಇದ್ದೀಯಲ್ಲ, ಇವತ್ತು ತೋರಿಸು,” ಎಂದರು ಮಾವ. “ಉಪಯೋಗಕ್ಕೆ ಬಂದ್ರೆ ದುಭಾಷಿ ಕೆಲಸ ಕೊಟ್ಟು ನಾನೇ ಓದಿಸ್ತೀನಿ. ಇಲ್ಲಾಂದ್ರೆ ನಾಳೆಯಿಂದ ಓದು ಬಿಟ್ಟು ಕೌಂಟರ್‌ನಲ್ಲಿ ಕೂರು.”

ವಿರಹ, ವಿಷಾದ, ಎಲೆಯುದುರಿದ ಕಾಡು, ಇವುಗಳ ಬಗ್ಗೆ ಅಳಿಯ ಜರ್ಮನ್‌ನಲ್ಲಿ ಗಂಟೆಗಟ್ಟಲೆ ಮಾತಾಡಬಲ್ಲ. ಬೆಲ್ಟು, ಬೋಲ್ಟು, ನಟ್ಟುಗಳಿಗೆ ಅಲ್ಲಿ ಏನೆನ್ನುತ್ತಾರೋ ಅವನ ಪ್ರೊಫೆಸರಿಗೂ ಗೊತ್ತಿದ್ದಂತಿರಲಿಲ್ಲ.

ಪಕ್ಕದಂಗಡಿಯ ದರ್ಜಿ ಕತ್ತರಿ ಹಿಡಿದುಕೊಂಡೇ ನೋಡಲು ಬಂದ. “ಮೊದ್ಲು ತಿಂಡಿ ಆಯ್ತಾ ಅಂತ ಕೇಳಪ್ಪ.”

ಅಳಿಯ ಕೇಳಿದ. ಎಂಜಿನಿಯರು ಇಲ್ಲವೆಂದರು. ಬನ್ನು, ಬಿಸ್ಕತ್ತು, ಕಾಫಿ ಬಂದು ಹೋಗುವಷ್ಟರಲ್ಲಿ ಮಾವನ ಮುಖ ಓವನ್ನಿನಂತೆ ಕಾದಿತ್ತು.

“ಮೋಟಾರು ಗುಂಯ್ ಅನ್ನತ್ತೆ, ಕೈ ಮಾತ್ರ ತಿರುಗಲ್ಲ. ಅಷ್ಟು ಹೇಳೋಕೆ ಆಗಲ್ವಾ?” ಎಂದ ಹಿಟ್ಟಿನ ಮೇಸ್ತ್ರಿ.

ಬೇರೆ ದಾರಿ ಕಾಣದೆ ಅಳಿಯ ಕಣ್ಣು ಮುಚ್ಚಿ, ತನಗೆ ಗೊತ್ತಿದ್ದ ಜರ್ಮನ್‌ನಲ್ಲೇ ನಿವೇದಿಸಿಕೊಂಡ: “ಸ್ವಾಮೀ, ಇದರ ಹೃದಯ ಇನ್ನೂ ಮಿಡಿಯುತ್ತಿದೆ. ಆದರೆ ಆ ಮಿಡಿತ ತೋಳುಗಳನ್ನು ತಲುಪುತ್ತಿಲ್ಲ. ನಡುವಿನ ಯಾವುದೋ ಬಂಧ ಸಡಿಲಗೊಂಡಿದೆ.”

ಎಂಜಿನಿಯರು ಅವನನ್ನು ಮಿಕಮಿಕ ನೋಡಿದರು. ನೆಟ್ಟಗೆ ಹೋಗಿ ಬೆಲ್ಟು ಬಿಗಿ ಮಾಡಿದರು. ಯಂತ್ರ ತಿರುಗಿತು.

“ನನ್ನಳಿಯ ಕಣ್ರೀ,” ಎಂದು ಮಾವ ದರ್ಜಿಗೆ ಪರಿಚಯಿಸಿದರು. ಹುಡುಗನ ಮೊದಲ ಚಡ್ಡಿ ಹೊಲಿದವನೇ ಆ ದರ್ಜಿ. ಅಳಿಯನಿಗೆ ಹೇಳಲಾರದಷ್ಟು ಸಂತೋಷವಾಯಿತು. ಓದಿದ ಕವಿತೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಲಿಲ್ಲ.

ಹೊರಡುವಾಗ ಎಂಜಿನಿಯರು ಅವನ ಕೈ ಹಿಡಿದುಕೊಂಡು ಬಹಳ ಹೊತ್ತು ಏನೋ ಹೇಳಿದರು.

“ಏನಂತೆ?” ಎಂದರು ಮಾವ.

ಸುಳ್ಳು ಹೇಳಿದರೂ ಅಲ್ಲಿ ಹಿಡಿಯುವವರಿರಲಿಲ್ಲ. ಆದರೂ ಅಳಿಯ ಇದ್ದದ್ದನ್ನು ಇದ್ದಂತೆ ಹೇಳಿದ. “ಇವರ ಮಗಳು ಅಲ್ಲಿ ಯೂನಿವರ್ಸಿಟೀಲಿ ನಮ್ಮ ಕನ್ನಡ ಓದ್ತಿದಾಳಂತೆ. ಅದ್ರಿಂದ ಏನು ಪ್ರಯೋಜನ ಅಂತ ದಿನಾ ಬೈತಿದ್ರಂತೆ. ಇವತ್ತು ನನ್ನ ನೋಡಿ ಕಣ್ಣು ತೆರೀತಂತೆ. ಮುಂದಿನ ಸಲದಿಂದ ಅವಳನ್ನೇ ಕರ್ಕೊಂಡು ಬರ್ತಾರಂತೆ. ನೀವು ದುಭಾಷಿ ಹುಡುಕೋದು ಬೇಡವಂತೆ.”

ಮಾವನ ಮುಖ ಅರಳಿತು. “ಎಂಥ ಒಳ್ಳೆ ಮನುಷ್ಯ. ಹಾಗಾದ್ರೆ ನೀನು ನಾಳೆಯಿಂದ ಕೌಂಟರಿಗೆ ಬಾ.”

“ಮಾವ, ಆ ಹುಡುಗಿ ಒಂದಕ್ಕೆ ಇನ್ನೊಂದು ಹೇಳಿದ್ರೆ ನಿಮಗೆ ಗೊತ್ತಾಗೋದು ಹೇಗೆ?”

ಮಾವ ಗಲ್ಲ ಕೆರೆದುಕೊಂಡು ಯೋಚಿಸಿದರು.

“ಅದೂ ಸರಿ. ಓದು ಮುಗಿಸು,” ಎಂದರು. “ಆದ್ರೆ ಕೌಂಟರ್‌ನಲ್ಲಿ ಕೂತು ಓದು.”