ಚಿಗವ್ವನ ಮೋಟಾರ್ ಬೋಟು

ನಮ್ಮ ಚಿಗವ್ವನಿಗೆ ತಲೆ ಸರಿ ಇಲ್ಲ ಅಂತ ನಾನು ಹೇಳುವುದಿಲ್ಲ. ಅದನ್ನು ಹೇಳಲು ಬೆಟಗೇರಿಯಲ್ಲಿ ಆಕೆಯ ಓಣಿಯವರೆಲ್ಲ ಇದ್ದಾರೆ, ನಾನ್ಯಾಕೆ ಬಾಯಿ ನೋಯಿಸಿಕೊಳ್ಳಲಿ? ನೀವೇ ಹೇಳಿ: ನಳಕ್ಕೆ ನೀರು ಬಂದ ದಿನವೇ ಹಬ್ಬ ಎನ್ನುವ ಊರಿನಲ್ಲಿ, ಅಂಗಳದೊಳಗೆ ಮೋಟಾರ್ ಬೋಟು ಇಟ್ಟುಕೊಂಡವಳನ್ನು ಏನನ್ನಬೇಕು?

ಆಕೆ ಲಕ್ಷ್ಮೇಶ್ವರದ ಗುಜರಿ ಅಂಗಡಿಗೆ ಹೋದದ್ದು ನೀರು ತುಂಬುವ ಡ್ರಮ್ಮು ತರಲು. ಸಂಜೆ ಮನೆ ಮುಂದೆ ಟ್ರ್ಯಾಕ್ಟರ್ ನಿಂತಿತು. ಡ್ರಮ್ಮೇನೋ ಬಂದಿತ್ತು, ಅದರ ಮಗ್ಗುಲಿಗೆ ಒಂದು ಹಳೆಯ ಫೈಬರ್ ಬೋಟು! ಯಾವುದೋ ಕೆರೆಯಲ್ಲಿ ಜನರನ್ನು ಸುತ್ತಾಡಿಸಿ ಸುಸ್ತಾಗಿ ಗುಜರಿ ಸೇರಿದ್ದು. ಹೊಟ್ಟೆಗೆ ಬಿರುಕು, ಅಂಚಿಗೆ ತೂತು, ಹಿಂಬದಿಗೆ ತುಕ್ಕು ಹಿಡಿದ ಇಂಜಿನ್.

"ಚಿಗವ್ವ, ಇದನ್ನ ರಿಪೇರಿ ಮಾಡಾಕ ನಿನಗ ಬರತೈತೇನು?" ಎಂದೆ.

ಆಕೆ ದವಾಖಾನೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು. "ಎಷ್ಟು ಮಂದಿ ಮುರಿದ ಕಾಲಿಗೆ ಪ್ಲಾಸ್ಟರ್ ಹಾಕೀನಿ! ಅವ್ರು ಒದರ್ತಿದ್ರು. ಇದು ಸುಮ್ನ ಮಲಗೈತಿ!"

ಒಳಗೆ ಚಿಗಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಲಕ್ವಾ ಹೊಡೆದು ಬಲಗೈ ಬಿದ್ದಿತ್ತು, ಮಾತು ತೊದಲುತ್ತಿತ್ತು. ತೊದಲಿಗೆ ನಾಚಿ ಮಾತನ್ನೇ ಬಿಟ್ಟಿದ್ದರು. ಊಟ ಬೇಕೆಂದರೂ ತಲೆಯಾಡಿಸುವುದು, ಬೇಡವೆಂದರೂ ತಲೆಯಾಡಿಸುವುದು. ಬೋಟು ನೋಡಲೂ ಹೊರಗೆ ಬರಲಿಲ್ಲ.

ಮೊದಲು ಹಳೇ ಬಣ್ಣ ಉಜ್ಜಿ ತೆಗೆಯುವ ಕೆಲಸ. ಚಿಗವ್ವ ಕೈಗವಸು, ಮುಖಗವಸು ತೊಟ್ಟು ಆಪರೇಷನ್‌ಗೆ ನಿಂತವಳಂತೆ ನಿಂತಳು. ತಾನೇನೋ ಬಚಾವಾದಳು. ಫೈಬರಿನ ಪುಡಿ ಮಾತ್ರ ಗಾಳಿಗೆ ಹಾರಿ, ಒಣಗಲು ಹಾಕಿದ್ದ ಅಕ್ಕಪಕ್ಕದವರ ಬಟ್ಟೆಗಳ ಮೇಲೆ ಕೂತಿತು. ಮರುದಿನ ಓಣಿಗೆ ಓಣಿಯೇ ಕೆರೆದುಕೊಳ್ಳುತ್ತಿತ್ತು! ಎದುರುಮನೆಯ ಹಿರಿಯರು ಬಾಗಿಲಿಗೆ ಬೆನ್ನು ತಿಕ್ಕುತ್ತ ಕೇಳಿದರು, "ಸಿಸ್ಟರ್, ಇದು ಯಾವ ಜಡ್ಡರಿ?"

"ಬೋಟಿನ ಜಡ್ಡರಿ. ಮೈತುಂಬ ತಣ್ಣೀರು ಸುರಕೋರಿ, ಹೋಗತೈತಿ."

"ನೀರು ಬರೂದು ಬರೋ ವಾರರಿ!"

ಆಮೇಲೆ ರೆಸಿನ್. ಬಿರುಕು ಮುಚ್ಚುವ ಈ ಅಂಟಿಗೆ ಅದನ್ನು ಗಟ್ಟಿ ಮಾಡುವ ಔಷಧವನ್ನು ಹನಿ ಹನಿ ಬೆರೆಸಬೇಕಂತೆ. ನಮ್ಮ ಚಿಗವ್ವ ಹೋಳಿಗೆಗೆ ತುಪ್ಪ ಸುರಿದ ಹಾಗೆ ಸುರಿದಳು. ಡಬ್ಬಿಯಿಂದ ಹೊಗೆ ಎದ್ದಿತು, ಅಂಟು ಕಲ್ಲಾಯಿತು, ಬ್ರಷ್ಷು ಅದರೊಳಗೆ ಕೊಕ್ಕರೆಯಂತೆ ನಿಂತೇ ಬಿಟ್ಟಿತು. ಮುಂದಿನ ಸಲ ಹೆದರಿ ಜಿಪುಣತನ ಮಾಡಿದಳು. ಅಂಟು ಒಣಗಲೇ ಇಲ್ಲ. ಅದು ತಿಳಿಯದೆ ಅಂಚಿನ ಮೇಲೆ ಕೂತವನು ನಾನು. ಎದ್ದಾಗ ಪ್ಯಾಂಟಿನ ಒಂದು ತುಂಡು ಬೋಟಿಗೇ ಉಳಿಯಿತು.

"ಪ್ಯಾಂಟ್ ಹೋದ್ರ ಹೋಗ್ಲಿ ಬಿಡು ತಮ್ಮಾ, ಒಂದು ತೂತು ಮುಚ್ಚಿತಲ್ಲ!" ಎಂದಳು.

ಕೊನೆಗೆ ಸಿರಿಂಜಿನಲ್ಲಿ ಅಳೆದು ಬೆರೆಸಿದಳು. ಅಂಟಿನಲ್ಲಿ ಅದ್ದಿದ ಫೈಬರ್ ಬಟ್ಟೆ ಪಟ್ಟಿಯ ಮೇಲೆ ಪಟ್ಟಿಯಾಗಿ ಕೂತು ಬಿರುಕು ಮುಚ್ಚಿತು.

ಇನ್ನು ಇಂಜಿನ್. ಅದನ್ನು ಬಿಚ್ಚಿ ತಂದು, ಚಿಗಪ್ಪನ ಕಿಟಕಿಯ ಕೆಳಗೇ ಡ್ರಮ್ಮು ಇಟ್ಟು, ನೀರು ತುಂಬಿ, ನೀರು ತಳ್ಳುವ ಅದರ ಫ್ಯಾನು ಮುಳುಗಿಸಿ, ಚಾಲೂ ಮಾಡುವ ಹಗ್ಗ ಎಳೆಯತೊಡಗಿದಳು. ಇಂಜಿನ್ ಕೆಮ್ಮಿತು, ಏಳಲಿಲ್ಲ. ಮಧ್ಯಾಹ್ನ ಎಳೆದಳು, ಮರುದಿನವೂ ಎಳೆದಳು. ನಾನು ಕೈಮುಗಿದು, "ಸಾಕು ಬಿಡು ಚಿಗವ್ವ" ಅನ್ನುವಷ್ಟರಲ್ಲಿ ಕಿಟಕಿಯಿಂದ ದನಿ ಬಂತು.

"ಪ್... ಪ್ಲಗ್ ತಗಿ, ಹುಚ್ಚಿ!"

ಎಷ್ಟೋ ತಿಂಗಳ ಮೇಲೆ ಚಿಗಪ್ಪ ಆಡಿದ ಮೊದಲ ಮಾತು ಬೈಗುಳ! ಚಿಗವ್ವ ಪ್ಲಗ್ ಬಿಟ್ಟು ಬೇರೇನನ್ನೋ ತೆಗೆದಳು. ಅದನ್ನು ತಡೆಯಲಾರದೆ ಅವರು ಗೋಡೆ ಹಿಡಿದುಕೊಂಡು ಹೊರಗೇ ಬಂದುಬಿಟ್ಟರು. ಅಂದಿನಿಂದ ಪಾನಾ ಹಿಡಿದು ಬೋಲ್ಟ್ ತಿರುಗಿಸಲು ಅವರ ಎಡಗೈ, ಆ ಕಡೆ ನಟ್ಟು ಹಿಡಿಯಲು ಈಕೆಯ ಬಲಗೈ. ದಿನವಿಡೀ ಜಗಳ! ಒಂದು ಮುಂಜಾನೆ ಇಂಜಿನ್ ಗುರ್ರೆಂದು ಎದ್ದು, ಡ್ರಮ್ಮಿನ ನೀರನ್ನೆಲ್ಲ ಓಣಿಯ ಮೇಲೆ ಎರಚಿತು. ನೀರು ಹಾಳಾಯಿತೆಂದು ಬೈಯಬೇಕಾದವರು ಚಪ್ಪಾಳೆ ತಟ್ಟಿದರು.

ಹೊಳೆಗೆ ಹೊರಟೆವು. ಮುಂಡರಗಿ ದಾರಿಯಲ್ಲಿ ಟ್ರ್ಯಾಕ್ಟರ್ ಮೇಲೆ ಬೋಟು ನೋಡಿ ಹೊಲದವನೊಬ್ಬ ಎತ್ತು ನಿಲ್ಲಿಸಿ ಕೇಳಿದ, "ಯಕ್ಕಾರ, ಮಳಿ ಅಷ್ಟು ಜೋರ ಬರತೈತೇನ್ರಿ?"

ತುಂಗಭದ್ರೆಯಲ್ಲಿ ಬೋಟು ಖರೇನೇ ತೇಲಿತು! ಮೂವರೂ ಲೈಫ್ ಜಾಕೆಟ್ ತೊಟ್ಟಿದ್ದೆವು, ಹಿಂದೆ ಮೀನುಗಾರರ ತೆಪ್ಪವೊಂದು ಕಾವಲಿತ್ತು. ಚಿಗಪ್ಪ ಎಡಗೈಯಲ್ಲಿ ಇಂಜಿನ್ನಿನ ಹಿಡಿ ಹಿಡಿದು ರಾಜನಂತೆ ಕೂತಿದ್ದರು. ನಡುಹೊಳೆಗೆ ಹೋಗುತ್ತಲೇ ಇಂಜಿನ್ ಗಪ್ಪಾಯಿತು. ನನಗೆ ಈಜು ಬಾರದು. ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಚಿಗಪ್ಪನ ಮುಖ ಮಾತ್ರ ಅರಳಿತು!

"ತ... ತಡೀರಿ. ನಾ ನೋಡ್ತೀನಿ" ಎಂದು ಇಂಜಿನ್ನಿನ ಮುಚ್ಚಳ ಬಿಚ್ಚಲು ಬಾಗಿದರು.

ನಾನು ಚಿಗವ್ವನ ಕಿವಿಯಲ್ಲಿ ಗೊಣಗಿದೆ, "ಈ ಬೋಟಿನ ಹುಚ್ಚು ಯಾಕ ಬೇಕಿತ್ತು ನಿನಗ?"

ಆಕೆ ನನ್ನ ಕಡೆ ನೋಡಲಿಲ್ಲ. ಅವರನ್ನೇ ನೋಡುತ್ತಿದ್ದಳು. "ನನಗ ಬೋಟ್ ತಗೊಂಡು ಏನಾಗಬೇಕೈತೋ ತಮ್ಮಾ? ಇವ್ರಿಗೆ ಬಿಚ್ಚಿ ಜೋಡಸಾಕ ಒಂದು ಇಂಜಿನ್ ಬೇಕಿತ್ತು. ಬಸ್ ತರಬೇಕಂದ್ರ ನಮ್ಮ ಅಂಗಳದಾಗ ಹಿಡಸ್ತಿರಲಿಲ್ಲ."

ಚಿಗಪ್ಪ ತಿರುಗಿ ನೋಡದೆ ಎಡಗೈ ಹಿಂದಕ್ಕೆ ಚಾಚಿದರು. "ಪಾನಾ."

ಚಿಗವ್ವ ಪಾನಾವನ್ನು ಸೆರಗಿನಿಂದ ಒರೆಸಿ ಆ ಕೈಯಲ್ಲಿಟ್ಟಳು. ಇಂಜಿನ್ ಏಳಲು ಬಹಳ ಹೊತ್ತು ಹಿಡಿಯಿತು. ಆಕೆಗೆ ಯಾವ ಗಡಿಬಿಡಿಯೂ ಇರಲಿಲ್ಲ.