ಮೆಟ್ಟಿಲಲ್ಲಿ ಸಿಕ್ಕಿಕೊಂಡ ಬೀರು

ಹೆಂಡತಿ: ನಾನು ಹೇಳಿದ್ದು ಎಡಕ್ಕೆ.

ಗಂಡ: ನಾನು ತಿರುಗಿಸಿದ್ದೂ ಎಡಕ್ಕೇ.

ಹೆಂಡತಿ: ಅದು ನಿಮ್ಮೆಡ. ನಾನು ಹೇಳಿದ್ದು ನನ್ನೆಡ.

ಗಂಡ: ಮದುವೆಯಾಗಿ ಇಷ್ಟು ವರ್ಷ ಆದ್ಮೇಲೂ ನಿನ್ನೆಡ ನನ್ನೆಡ ಅಂತ ಭೇದ ಮಾಡ್ತೀಯಲ್ಲ.

ಇಬ್ಬರ ನಡುವೆ, ಮೆಟ್ಟಿಲು ತಿರುಗುವ ಜಾಗದಲ್ಲಿ, ಆಳೆತ್ತರದ ಮರದ ಬೀರು ಜಪ್ಪಯ್ಯ ಅಂದರೂ ಅಲ್ಲಾಡದೆ ಕೂತಿತ್ತು. ಮೇಲ್ಗಡೆ ಗಂಡ, ಬಸ್ಸು ಓಡಿಸಿ ನಿವೃತ್ತನಾದವನು. ಕೆಳಗಡೆ ಹೆಂಡತಿ, ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅವಳ ಮಂಡಿನೋವಿಗಾಗಿ ಮೇಲಿನ ಮನೆ ಬಿಟ್ಟು ನೆಲಮಹಡಿಗೆ ಇಳಿಯುವುದೆಂದು ತೀರ್ಮಾನವಾಗಿತ್ತು. ಆಳುಗಳನ್ನು ಕರೆಯೋಣ ಎಂದಿದ್ದಳು ಅವಳು. ರಟ್ಟೆಯಲ್ಲಿ ಕಸುವಿರುವಾಗ ಕಂಡವರ ಮುಂದೆ ಹಲ್ಲು ಗಿಂಜುವುದೇಕೆ, ನಾನೊಬ್ಬನೇ ಜಾರಿಸುತ್ತೇನೆ, ನೀನು ದಾರಿ ತೋರಿಸಿದರೆ ಸಾಕು ಎಂದಿದ್ದ ಅವನು.

ಹೆಂಡತಿ: ಮೇಷ್ಟ್ರನ್ನ ಕರೀಲಾ? ಅವರ ಬಾಗಿಲಿಗೇ ಅಡ್ಡ ನಿಂತಿದೆ ಇದು.

ಗಂಡ: ಬೇಡ. ಜೀವಮಾನದಲ್ಲಿ ಯಾರ ಸಹಾಯಾನೂ ಕೇಳಿದವನಲ್ಲ ನಾನು.

ಹೆಂಡತಿ: ಬಸ್ಸು ರಿವರ್ಸ್ ತೆಗೆಯುವಾಗ ಕಂಡಕ್ಟರ್ ಹಿಂದೆ ನಿಂತು ಸೀಟಿ ಊದ್ತಿದ್ನಲ್ಲ, ಅದೇನು ಸಂಗೀತವಾ?

ಗಂಡ: ಅದು ಅವನ ಡ್ಯೂಟಿ.

ಹೆಂಡತಿ: ಮತ್ತೆ ನಾನಿಲ್ಲಿ ನಿಂತು ಒದರ್ತಿರೋದು?

ಗಂಡ: ಅದು ನಿನ್ನ ಸ್ವಭಾವ.

ಹಿಂದೊಮ್ಮೆ ಕಾಡುದಾರಿಯಲ್ಲಿ ಒಬ್ಬನೇ ಟೈರು ಬದಲಾಯಿಸಿದ ಕಥೆಯನ್ನು ಅವನು ಬೀರುವಿನ ಆಚೆಯಿಂದ ಶುರುಮಾಡಿದ. ಅಷ್ಟರಲ್ಲಿ ಪ್ರಯಾಣಿಕರೆಲ್ಲ ನಡೆದೇ ಊರು ಸೇರಿದ್ದರೆಂಬ ಭಾಗವನ್ನು ಅವಳು ಈಚೆಯಿಂದ ಮುಗಿಸಿದಳು. ಸಿಟ್ಟಿಗೆ ಅವನು ಬೀರುವಿಗೆ ಭುಜ ಕೊಟ್ಟು ತಳ್ಳಿದ. ಬೀರು ಕದಲಲಿಲ್ಲ, ಸೊಂಟ ಚಳಕ್ ಎಂದಿತು.

ಹೆಂಡತಿ: ಏನಾಯ್ತು?

ಗಂಡ: ...ಏನಿಲ್ಲ.

ಹೆಂಡತಿ: ಏನಿಲ್ಲ ಅನ್ನೋಕೆ ಅಷ್ಟು ಹೊತ್ತು ಬೇಕಾಯ್ತಾ? ಕೆಳಗಿಳೀತಿರೋದು ನನ್ನ ಮಂಡಿ ಉಳಿಸ್ಕೊಳ್ಳೋಕೆ ಕಣ್ರೀ. ನಿಮ್ಮನ್ನ ಹೊತ್ತು ಇಳಿಸೋಕಲ್ಲ.

ಆಗ ಬೀರುವಿನ ಹಿಂದೆ ಯಾರೋ ಮೆಲ್ಲಗೆ ಕೆಮ್ಮಿದರು. ಮೇಷ್ಟ್ರ ಮನೆಯ ಬಾಗಿಲು ಒಳಗಿನಿಂದ ತೆರೆದಿತ್ತು. ಸಂದಿಯಲ್ಲಿ ಕೆಂಪಾದ ಒಂದು ಕಣ್ಣು ಮಾತ್ರ ಕಾಣುತ್ತಿತ್ತು.

ಮೇಷ್ಟ್ರು: ಗಂಡ ಹೆಂಡತಿ ಮಧ್ಯೆ ಬಾಯಿ ಹಾಕಬಾರದು ಅಂತ ಸುಮ್ಮನಿದ್ದೆ. ಬೀರುವಿನ ಕಾಲು ನನ್ನ ಹೊಸ್ತಿಲಿಗೆ ಸಿಕ್ಕಿದೆ.

ಗಂಡ: ಇಷ್ಟು ಹೊತ್ತು ನೋಡ್ತಾ ನಿಂತಿದ್ರಾ?

ಮೇಷ್ಟ್ರು: ಅವತ್ತು ನಿಮ್ಮ ಗ್ಯಾಸ್ ಸಿಲಿಂಡರ್ ಹೊರೋಕೆ ಕೈ ಹಾಕಿದ್ದಕ್ಕೆ, 'ನಾನಿನ್ನೂ ಬದುಕಿದ್ದೀನಿ ಮೇಷ್ಟ್ರೇ' ಅಂದ್ರಿ. ಆಮೇಲೆ ಸಹಾಯ ಕೊಡೋಕೂ ಭಯ, ಕೇಳೋಕೂ ಭಯ.

ಗಂಡ: ನೀವೇನು ಕೇಳ್ಬೇಕಿತ್ತು?

ಒಂಟಿ ಮನುಷ್ಯ ಮೇಷ್ಟ್ರು ಸಂಕೋಚದಿಂದಲೇ ಹೇಳಿದರು. ಕಣ್ಣಿನ ಆಪರೇಷನ್ ಆಗಿದೆ. ಔಷಧಿಯ ಹನಿಯನ್ನು ತಾವೇ ಬಿಟ್ಟುಕೊಳ್ಳುತ್ತಾರೆ. ಅದು ಮೂಗಿಗೆ ಬೀಳುತ್ತದೆ, ಕೆನ್ನೆಗೆ ಬೀಳುತ್ತದೆ, ಕಣ್ಣೊಂದನ್ನು ಬಿಟ್ಟು ಎಲ್ಲ ಕಡೆಗೂ ಬೀಳುತ್ತದೆ. ಎಷ್ಟೋ ಸಲ ಇವರ ಬಾಗಿಲವರೆಗೆ ಬಂದು ವಾಪಸು ಹೋಗಿದ್ದರಂತೆ. ಯಾರನ್ನೂ ಏನೂ ಕೇಳದವನ ಹತ್ತಿರ ಕೇಳುವುದು ಹೇಗೆ?

ಗಂಡ ಸೊಂಟ ಹಿಡಿದುಕೊಂಡೇ ಸಂದಿಯತ್ತ ಬಗ್ಗಿದ.

ಗಂಡ: ಮೇಷ್ಟ್ರೇ, ಆ ಕಾಲನ್ನ ಸ್ವಲ್ಪ ಹೊಸ್ತಿಲಿಂದ ತಳ್ಳಿ ಕೊಡ್ತೀರಾ?

ಹೆಂಡತಿ ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಆ ಬಾಯಲ್ಲಿ ಇಂಥ ಮಾತು ಅವಳು ಕೇಳಿದ್ದು ಇದೇ ಮೊದಲು.

ಮೇಷ್ಟ್ರು ಒಳಗಿಂದ ತಳ್ಳಿದರು, ಗಂಡ ಮೇಲಿಂದ ಎಳೆದ, ಬೀರು ಹೊಸ್ತಿಲು ಬಿಟ್ಟಿತು. ಅದನ್ನು ಗೋಡೆಗೊರಗಿಸಿ, ಗಂಡ ಮೊದಲು ಮೇಷ್ಟ್ರನ್ನು ಕುರ್ಚಿಯಲ್ಲಿ ಕೂರಿಸಿ, ಗಲ್ಲ ಹಿಡಿದು ಕಣ್ಣಿಗೆ ಹನಿ ಬಿಟ್ಟ. ಗುರಿ ತಪ್ಪಲಿಲ್ಲ. ಆಮೇಲೆ ಬೀರು ಇಳಿಸಲು ಬೀದಿಯಿಂದ ಇಬ್ಬರನ್ನು ತಾನೇ ಕರೆತಂದ.

ನೆಲಮಹಡಿ ಸೇರಿದ ಮೇಲೆ ಗಂಡ ಪೂರ್ತಿ ಬದಲಾದ. ಸೊಂಟ ಸರಿಹೋಗಿ ಎಷ್ಟೋ ದಿನವಾದರೂ ಕೂತಲ್ಲಿಂದಲೇ ನೀರು ಕೇಳಿದ, ಕನ್ನಡಕ ಕೇಳಿದ, ಕಿಟಕಿ ಮುಚ್ಚು ಎಂದ, ಮತ್ತೆ ತೆಗೆ ಎಂದ. ಕೊನೆಗೊಂದು ದಿನ ಹೊಲಿಗೆ ಯಂತ್ರದ ಸದ್ದು ನಿಂತಿತು.

ಗಂಡ: ಯಾಕೆ ಹಾಗೆ ನೋಡ್ತೀಯ? ಸಹಾಯ ಕೇಳೋದು ಕಲೀರಿ ಅಂತ ತಲೆ ತಿಂದೋಳು ನೀನೇ ತಾನೆ?

ಹೆಂಡತಿ: ಕೇಳೋದು ಕಲೀರಿ ಅಂದೆ. ಕೂರೋದು ಕಲೀರಿ ಅನ್ಲಿಲ್ಲ.